ಮ್ಯಾಥ್ಯೂ ಅಬ್ರಹಾಮನು ಯಾರು? — ಬಳ್ಳಾರಿಯ ಒಂದು ಹಳೆಯ ವ್ಯಾಜ್ಯ

ಬಳ್ಳಾರಿ ನಗರವನ್ನು ಬಲ್ಲವರಿಗೆ ಬ್ರೂಸ್‌ಪೇಟೆಯ ಹೆಸರು ಹೊಸದಲ್ಲ. ಅದರ ಜೊತೆಯಲ್ಲಿ ಮೆಲ್ಲರ್‌ಪೇಟೆ ಎಂಬ ಇನ್ನೊಂದು ಹೆಸರೂ ಹಿಂದೆ ರೂಢಿಯಲ್ಲಿತ್ತು. ಇವೆರಡೂ ಆ ಊರಿನಲ್ಲಿ ಅಧಿಕಾರ ನಡೆಸಿದ ಇಬ್ಬರು ಆಂಗ್ಲ ಅಧಿಕಾರಿಗಳ ನೆನಪಿಗೆ ಬಂದ ಹೆಸರುಗಳು. ಹೆಸರಿನ ಮೊದಲರ್ಧವು ಸಮುದ್ರದಾಚೆಯದು, ಉಳಿದರ್ಧವು ನಮ್ಮ ಪೇಟೆಯದು. ಅಲ್ಲಿ ವ್ಯಾಪಾರ ಮಾಡಿದವರೂ, ಬಾಳಿದವರೂ, ಬಾಡಿಗೆಗೆ ಇದ್ದವರೂ ಕನ್ನಡವನ್ನೂ ತೆಲುಗನ್ನೂ ಉರ್ದುವನ್ನೂ ಒಂದೇ ಬಾಯಿಯಲ್ಲಿ ಆಡಿದ ಜನ. ಈ ಪೇಟೆಯು ಎಷ್ಟು ಪಾಲು ಇಂಗ್ಲಿಷರದು, ಎಷ್ಟು ಪಾಲು ನಮ್ಮದು ಎಂದು ಯಾರಾದರೂ ಕೇಳಿದರೆ ನಾವು ನಕ್ಕುಬಿಡುವೆವು. ಪೇಟೆಯ ವಿಷಯದಲ್ಲಿ ನಗು ತರಿಸುವ ಈ ಪ್ರಶ್ನೆಯನ್ನು ಒಬ್ಬ ಮನುಷ್ಯನ ವಿಷಯದಲ್ಲಿ ನ್ಯಾಯಾಸನದ ಮುಂದೆ ಕೇಳಿದ ಕಾಲವೊಂದುಂಟು. ಅದೂ ಇದೇ ಬಳ್ಳಾರಿಯಲ್ಲಿಯೇ. ಆ ವೃತ್ತಾಂತವನ್ನು ಈ ದಿನ ಕೇಳುಗರ ಮುಂದಿಡಬೇಕೆಂಬುದು ನಮ್ಮ ಅಭಿಲಾಷೆ.

ವೃತ್ತಾಂತಕ್ಕೆ ಮೊದಲು ಪ್ರಶ್ನೆಯನ್ನು ಸ್ಪಷ್ಟಪಡಿಸಿಕೊಳ್ಳೋಣ. ಒಬ್ಬನು ಇಂಥವನೆಂದು ಹೇಳುವಾಗ ನಾವು 'ಹೌದು' ಅಥವಾ 'ಅಲ್ಲ' ಎಂಬ ಎರಡೇ ಉತ್ತರಗಳನ್ನು ನಿರೀಕ್ಷಿಸುತ್ತೇವೆ. ಕಾಶಿಯಲ್ಲಿ ಕಂಡ ದೇವದತ್ತನೇ ಈ ದೇವದತ್ತನು ಎಂದು ನಮ್ಮ ಶಾಸ್ತ್ರಕಾರರು ಉದಾಹರಣೆ ಕೊಡುವರು. ಆ ದೇವದತ್ತನಲ್ಲಿ ಮುಕ್ಕಾಲು ಪಾಲು ಇವನಾಗಿದ್ದಾನೆಂದು ಯಾರೂ ಹೇಳುವುದಿಲ್ಲ. ಆದರೆ ಮಿಲಿಂದ ರಾಜನೊಡನೆ ವಾದಿಸಿದ ನಾಗಸೇನನೆಂಬ ಬೌದ್ಧ ಭಿಕ್ಷುವು ಬೇರೊಂದು ದೃಷ್ಟಾಂತವನ್ನು ಮುಂದಿಟ್ಟನು. ರಾತ್ರಿಯೆಲ್ಲ ಉರಿಯುವ ದೀಪದಲ್ಲಿ ಮೊದಲ ಜಾವದ ಜ್ವಾಲೆಯೂ ಕೊನೆಯ ಜಾವದ ಜ್ವಾಲೆಯೂ ಒಂದೇ ಅಲ್ಲ, ಬೇರೆಯೂ ಅಲ್ಲ. ಹಾಲು ಮೊಸರಾಗುವುದು, ಮೊಸರು ಬೆಣ್ಣೆಯಾಗುವುದು. ಮನುಷ್ಯನ ಬಾಳೂ ಹೀಗೆಯೇ ಎಂದನು. ಹಾಲು ಹೆಪ್ಪಾಗುವಾಗ ಇಂಥ ಗಳಿಗೆಯಲ್ಲಿ ಹಾಲು ಹೋಯಿತು, ಇಂಥ ಗಳಿಗೆಯಲ್ಲಿ ಮೊಸರು ಬಂದಿತು ಎಂದು ಗೆರೆ ಎಳೆಯಲು ಯಾವ ಗೃಹಿಣಿಗೂ ಸಾಧ್ಯವಿಲ್ಲ. ಇಂಗ್ಲೆಂಡಿನ ದಾರ್ಶನಿಕ ಜಾನ್ ಲಾಕನು 1694ರಲ್ಲಿ ತನ್ನ ಗ್ರಂಥದ ಎರಡನೆಯ ಮುದ್ರಣಕ್ಕೆ ಸೇರಿಸಿದ ಅಧ್ಯಾಯದಲ್ಲಿ, 'ವ್ಯಕ್ತಿ' ಎಂಬ ಮಾತೇ ಮೂಲತಃ ನ್ಯಾಯಸ್ಥಾನದ ಮಾತು, ಹೊಗಳಿಕೆ ತೆಗಳಿಕೆಗಳನ್ನೂ ದಂಡವನ್ನೂ ಯಾರ ತಲೆಗೆ ಕಟ್ಟಬೇಕೆಂಬುದನ್ನು ಗೊತ್ತುಮಾಡಲು ಹುಟ್ಟಿದ್ದು ಎಂದನು. 1984ರಲ್ಲಿ ಡೆರೆಕ್ ಪಾರ್ಫಿಟ್ ಎಂಬ ಮತ್ತೊಬ್ಬ ಇಂಗ್ಲಿಷ್ ತಾತ್ತ್ವಿಕನು ಇನ್ನೂ ಮುಂದೆ ಹೋಗಿ, ನೆನಪು, ಸ್ವಭಾವ, ಸಂಕಲ್ಪಗಳ ಎಳೆಗಳು ಹೆಚ್ಚು ಕಡಿಮೆಯಾಗತಕ್ಕವು, ನಿಜವಾಗಿ ಮುಖ್ಯವಾದುದು ಆ ಎಳೆಗಳೇ ಹೊರತು 'ಅವನೇ ಇವನೋ ಅಲ್ಲವೋ' ಎಂಬ ಮುದ್ರೆಯಲ್ಲ ಎಂದು ವಾದಿಸಿದನು.

ಇವೆಲ್ಲ ವಿರಾಮವುಳ್ಳವರ ವಿನೋದವೆಂದು ಕೆಲವರಿಗೆ ತೋರಬಹುದು. ಹಾಗಲ್ಲವೆಂಬುದಕ್ಕೆ ಬಳ್ಳಾರಿಯ ವ್ಯಾಜ್ಯವೇ ಸಾಕ್ಷಿ.

1800ನೆಯ ಇಸವಿಯಲ್ಲಿ ಹೈದರಾಬಾದಿನ ನಿಜಾಮನು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಥಾಮಸ್ ಮನ್ರೋ ಇದರ ಮೊದಲ ಪ್ರಧಾನ ಕಲೆಕ್ಟರನಾಗಿ 1807ರವರೆಗೆ ಇದ್ದನು. ಬಳ್ಳಾರಿಯಲ್ಲಿ ದೊಡ್ಡ ದಂಡು ಬೀಡುಬಿಟ್ಟಿತು. ದಂಡಿನ ಹಿಂದೆ ಅದಕ್ಕೆ ಬೇಕಾದ ಜನರೆಲ್ಲ ಬಂದರು: ದಲಾಲರು, ದರ್ಜಿಗಳು, ಬಡಗಿಗಳು, ಪಾದರಿಗಳು, ಸರಾಯಿ ಗುತ್ತಿಗೆದಾರರು. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸನು ಇಲ್ಲಿಗೆ ಬಂದು ಕನ್ನಡವನ್ನು ಕಲಿತು, ಬೈಬಲನ್ನು ಕನ್ನಡಕ್ಕೆ ತರುವ ಕಾರ್ಯವನ್ನು ಕೈಕೊಂಡನು. ಹೀಗೆ ಹಲವು ಕುಲಗಳೂ ಹಲವು ಭಾಷೆಗಳೂ ಒಂದೇ ಸಂತೆಯಲ್ಲಿ ಒತ್ತಿ ನಿಂತ ಊರಿನಲ್ಲಿ ಮ್ಯಾಥ್ಯೂ ಅಬ್ರಹಾಮನೆಂಬವನು ಬಾಳಿದನು.

ಈತನ ಪೂರ್ವಿಕರು ತಮಿಳು ಪರೈಯರ್ ಕುಲದವರು. ಅಂದಿನ ಸಮಾಜವು ಅಸ್ಪೃಶ್ಯರೆಂದು ದೂರವಿಟ್ಟಿದ್ದ ಜನ. ಮನೆತನವು ಮೊದಲು ರೋಮನ್ ಕ್ಯಾಥೊಲಿಕ್ ಮತಕ್ಕೆ ಸೇರಿತ್ತು; ಮ್ಯಾಥ್ಯೂವು ತಾನು ಪ್ರಾಟೆಸ್ಟೆಂಟನಾದನು. 1820ರಲ್ಲಿ ಆತನು ಷಾರ್ಲಟ್ ಫಾಕ್ಸಳನ್ನು ವಿವಾಹವಾದನು. ಆಕೆ ಆಂಗ್ಲ ಮತ್ತು ಪೋರ್ಚುಗೀಸ ರಕ್ತ ಬೆರೆತ ಮನೆತನದವಳು. ಅಂಥವರನ್ನು ಆಗ 'ಈಸ್ಟ್ ಇಂಡಿಯನ್' ಎಂದು ಕರೆಯುತ್ತಿದ್ದರು. ಮ್ಯಾಥ್ಯೂವು ಐರೋಪ್ಯರ ಉಡುಪನ್ನು ಧರಿಸಿ, ಹೆಂಡತಿಯ ಕಡೆಯವರ ರೀತಿನೀತಿಗಳನ್ನು ಅನುಸರಿಸಿ, ಅವರ ನಡುವೆಯೇ ಗೌರವಸ್ಥನಾಗಿ ಬದುಕಿದನು. ಸರಾಯಿಯ ವ್ಯಾಪಾರದಿಂದ ಆತನಿಗೆ ಸಂಪತ್ತು ಬೆಳೆಯಿತು. ತಮ್ಮನಾದ ಫ್ರಾನ್ಸಿಸನು ಅಣ್ಣನ ಆಶ್ರಯದಲ್ಲಿಯೇ ದೊಡ್ಡವನಾಗಿ ವ್ಯಾಪಾರದಲ್ಲಿ ಕೈಗೂಡಿಸಿದನು. 1842ರಲ್ಲಿ ಮ್ಯಾಥ್ಯೂವು ಉಯಿಲು ಬರೆಯದೆ ತೀರಿಕೊಂಡನು. ಹೆಂಡತಿಯೂ ಇಬ್ಬರು ಗಂಡುಮಕ್ಕಳೂ ಉಳಿದರು. ವ್ಯವಹಾರವನ್ನು ಫ್ರಾನ್ಸಿಸನು ನಡೆಯಿಸಿದನು. ಕೆಲವು ವರ್ಷಗಳ ಮೇಲೆ ಅತ್ತಿಗೆಗೂ ಮೈದುನನಿಗೂ ಮನಸ್ಸು ಒಡೆಯಿತು. 1854ರಲ್ಲಿ ಷಾರ್ಲಟ್ಟಳು ಬಳ್ಳಾರಿಯ ನ್ಯಾಯಸ್ಥಾನದಲ್ಲಿ ದಾವೆ ಹೂಡಿದಳು.

ಫ್ರಾನ್ಸಿಸನ ಪ್ರತಿವಾದವೇನು? ನಾವು ಮತದಿಂದ ಕ್ರೈಸ್ತರಾದರೂ ಮೂಲದಿಂದ ಹಿಂದೂಗಳು. ಅಣ್ಣತಮ್ಮಂದಿರಿಬ್ಬರೂ ಅವಿಭಕ್ತ ಕುಟುಂಬವಾಗಿ ಇದ್ದೆವು. ಆದುದರಿಂದ ಆಸ್ತಿಯಲ್ಲಿ ನಾನೂ ಸಮಭಾಗಿ ಎಂದನು. ಈ ವಾದದಲ್ಲಿ ಒಂದು ಸ್ವಾರಸ್ಯವುಂಟು. ದಕ್ಷಿಣದಲ್ಲಿ ಹಿಂದೂ ದಾಯಕ್ಕೆ ಆಧಾರವಾದ 'ಮಿತಾಕ್ಷರ'ವನ್ನು ರಚಿಸಿದ ವಿಜ್ಞಾನೇಶ್ವರನು ಕನ್ನಡ ನಾಡಿನ ಕಲ್ಯಾಣ ಪಟ್ಟಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಇದ್ದವನು. ಕುಟುಂಬದ ಸ್ವತ್ತಿನ ಮೇಲೆ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುವುದೆಂಬುದು ಆತನ ಸಿದ್ಧಾಂತ. ಅವಿಭಕ್ತ ಕುಟುಂಬದಲ್ಲಿ ಗಂಡನು ತೀರಿದರೆ ವಿಧವೆಗೆ ಅನ್ನವಸ್ತ್ರವೇ ಹೊರತು ಪಾಲಿಲ್ಲ. ಈ ಕಟ್ಟಳೆಯು 1937ರ ಶಾಸನ ಬರುವವರೆಗೂ ಉಳಿದಿತ್ತು. ಮ್ಯಾಥ್ಯೂವು ಯಾರೆಂಬ ಪ್ರಶ್ನೆಯು ಷಾರ್ಲಟ್ಟಳಿಗೆ ತರ್ಕದ ಪ್ರಶ್ನೆಯಾಗಿರಲಿಲ್ಲ. ತೀರಿಹೋದ ಗಂಡನು ಹಿಂದೂವಾಗಿದ್ದನೆಂದು ತೀರ್ಮಾನವಾದರೆ ತಾನು ಇಪ್ಪತ್ತೆರಡು ವರ್ಷ ಯಜಮಾನತಿಯಾಗಿದ್ದ ಮನೆಯಲ್ಲಿಯೇ ಮೈದುನನ ಕೈ ನೋಡಬೇಕಾದ ಸ್ಥಿತಿಯು ಆಕೆಗೆ ಬರುತ್ತಿತ್ತು.

ಕಂಪನಿಯ ಕೋರ್ಟುಗಳಲ್ಲಿ ಹಿಂದೂಗಳಿಗೆ ಹಿಂದೂ ಶಾಸ್ತ್ರ, ಮುಸಲ್ಮಾನರಿಗೆ ಅವರ ಶಾಸ್ತ್ರ ಎಂಬ ನಿಯಮವಿತ್ತು. ದೇಶೀಯ ಕ್ರೈಸ್ತನ ದಾಯಕ್ಕೆ ಯಾವ ಲಿಖಿತ ಶಾಸನವೂ ಇರಲಿಲ್ಲ. 1850ರ ಶಾಸನವು ಮತಾಂತರದಿಂದ ಯಾರ ಹಕ್ಕೂ ನಷ್ಟವಾಗಕೂಡದೆಂದು ಹೇಳಿತ್ತೇ ಹೊರತು, ಮತಾಂತರವಾದವನು ಮುಂದೆ ಯಾವ ಕಟ್ಟಳೆಗೆ ಒಳಪಡುವನೆಂದು ಹೇಳಿರಲಿಲ್ಲ. ಹೀಗಿರಲು ನ್ಯಾಯಾಧಿಪತಿಗೆ ಉಳಿದ ದಾರಿಯೊಂದೇ: ಸತ್ತವನು ಎಂಥವನಾಗಿ ಬಾಳಿದನೆಂಬುದನ್ನು ಸಾಕ್ಷಿಗಳ ಬಾಯಿಂದ ತಿಳಿಯುವುದು. ಉಡುಪು, ಊಟ, ಸಹವಾಸ, ಮದುವೆ, ಪ್ರಾರ್ಥನಾ ಮಂದಿರ ಇವೆಲ್ಲವೂ ವಿಚಾರಣೆಗೆ ಒಳಪಟ್ಟವು. ಬಳ್ಳಾರಿಯ ಜನರು ಒಬ್ಬೊಬ್ಬರಾಗಿ ಬಂದು, ತಾವು ಕಂಡ ಮ್ಯಾಥ್ಯೂ ಅಬ್ರಹಾಮನನ್ನು ವರ್ಣಿಸಿದರು. ಒಬ್ಬೊಬ್ಬರ ಕಣ್ಣಿಗೆ ಒಂದೊಂದು ಬಗೆಯಾಗಿ ಆತನು ಕಂಡಿದ್ದನೆಂಬುದರಲ್ಲಿ ಆಶ್ಚರ್ಯವೇನು? ಕೋಟು ತೊಟ್ಟವನನ್ನು ಕಂಡವರು ಒಂದನ್ನು ಹೇಳುವರು. ಆತನ ಅಜ್ಜನ ಕುಲವನ್ನು ಬಲ್ಲವರು ಇನ್ನೊಂದನ್ನು ಹೇಳುವರು. ಎರಡೂ ಸತ್ಯವೇ.

ಬಳ್ಳಾರಿಯ ನ್ಯಾಯಾಧೀಶನು ವಿಧವೆಯ ಪರವಾಗಿ ತೀರ್ಪಿತ್ತನು. ಮದರಾಸಿನ ಸದರ್ ಅದಾಲತ್ತು ಅದನ್ನು ತಿರುಗಿಸಿ, ಹಿಂದೂ ಶಾಸ್ತ್ರವೇ ಅನ್ವಯಿಸುವುದೆಂದು ತಮ್ಮನ ಕಡೆಗೆ ವಾಲಿತು. ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಯಾವ ಸಮಾಜವು ಈ ಮನೆತನವನ್ನು ಗುಡಿಯ ಬಾಗಿಲಿನಿಂದಲೂ ಊರ ಬಾವಿಯಿಂದಲೂ ದೂರವಿಟ್ಟಿತ್ತೋ, ಅದೇ ಸಮಾಜದ ದಾಯಶಾಸ್ತ್ರವು ಮತವನ್ನು ಬಿಟ್ಟು ಹೋದ ಮೇಲೂ ಇವರನ್ನು ಹಿಂಬಾಲಿಸಿ ಬಂದಿತು. ದೇವರ ಸನ್ನಿಧಿಗೆ ಸಲ್ಲದ ಹಿಂದುತನವು ಆಸ್ತಿಯ ಪಾಲಿಗೆ ಸಂಪೂರ್ಣವಾಗಿ ಸಂದಿತು. ಒಬ್ಬನ ಗುರುತು ಇಡಿಯಾದ ಒಂದು ವಸ್ತು, ಇದ್ದರೆ ಪೂರ್ತಿ ಇರುವುದು, ಇಲ್ಲದಿದ್ದರೆ ಏನೂ ಇಲ್ಲ ಎಂದು ನಂಬುವವರು ಈ ವೈಚಿತ್ರ್ಯಕ್ಕೆ ಏನು ಸಮಾಧಾನ ಹೇಳುವರೋ ನಾವರಿಯೆವು.

ವ್ಯಾಜ್ಯವು ಲಂಡನ್ನಿನ ಪ್ರಿವಿ ಕೌನ್ಸಿಲಿಗೆ ಹೋಯಿತು. 1863ರಲ್ಲಿ ಅಲ್ಲಿಯ ನ್ಯಾಯಮೂರ್ತಿಗಳು ಕೊಟ್ಟ ತೀರ್ಪು ಬಹುಕಾಲ ಈ ದೇಶದ ನ್ಯಾಯವಾದಿಗಳಿಗೆ ಪಾಠವಾಯಿತು. ಅದರ ಸಾರವಿಷ್ಟು: ಮತಾಂತರವು ಮನುಷ್ಯನನ್ನು ಹಿಂದೂ ಶಾಸ್ತ್ರದ ಬಂಧನದಿಂದ ಬಿಡಿಸುತ್ತದೆ, ಆದರೆ ಮತಕ್ಕೆ ಸಂಬಂಧಪಡದ ವಿಷಯಗಳಲ್ಲಿ, ಮುಖ್ಯವಾಗಿ ಆಸ್ತಿಯ ವಿಷಯದಲ್ಲಿ, ಅವನ ಹಿಂದಿನ ಸಂಬಂಧಗಳು ಅಷ್ಟರಿಂದಲೇ ಬದಲಾಗಬೇಕೆಂಬ ನಿಯಮವಿಲ್ಲ. ಹಳೆಯ ಕಟ್ಟಳೆಯನ್ನು ಬಿಡಬಹುದು, ಇಟ್ಟುಕೊಳ್ಳಲೂಬಹುದು. ಯಾವುದನ್ನು ಆರಿಸಿಕೊಂಡನೆಂಬುದನ್ನು ಅವನ ನಡವಳಿಕೆಯಿಂದಲೇ ತಿಳಿಯತಕ್ಕುದು. ರಕ್ತ ಮತ್ತು ಕುಲಗಳು ಮನುಷ್ಯನ ಇಚ್ಛೆಗೆ ಒಳಪಟ್ಟವಲ್ಲ, ಆಚಾರವಾದರೋ ಇಚ್ಛೆಗೆ ಒಳಪಟ್ಟದ್ದು ಎಂದು ಅವರು ವಿವೇಚಿಸಿದರು. ಮ್ಯಾಥ್ಯೂವಿನ ಬಾಳನ್ನು ಈ ಅಳತೆಗೋಲಿನಿಂದ ನೋಡಿ, ಆತನು ಹಿಂದೂ ಅವಿಭಕ್ತ ಕುಟುಂಬದ ಸದಸ್ಯನಾಗಿ ಬಾಳಲಿಲ್ಲವೆಂದೂ, ಆ ಆಧಾರದ ಮೇಲೆ ಫ್ರಾನ್ಸಿಸನಿಗೆ ಪಾಲು ಸಲ್ಲದೆಂದೂ ನಿರ್ಣಯಿಸಿದರು. ಗಂಡನು ಸತ್ತು ಇಪ್ಪತ್ತೊಂದು ವರ್ಷಗಳಾಗಿದ್ದವು.

ಈ ತೀರ್ಪಿನಲ್ಲಿ ನಮಗೆ ಮೂರು ಅಂಶಗಳು ಮುಖ್ಯವಾಗಿ ತೋರುತ್ತವೆ. ಮೊದಲನೆಯದು, ಗುರುತೆಂಬುದು ಒಂದೇ ಹಗ್ಗವಾದರೂ ಹಲವು ಎಳೆಗಳಿಂದ ಹೊಸೆದದ್ದು. ಮತದ ಎಳೆಯು ತುಂಡಾದರೂ ಬಾಂಧವ್ಯದ ಎಳೆ ಉಳಿಯಬಹುದು. ಉಡುಪಿನ ಎಳೆ ಹೊಸದಾದರೂ ಭಾಷೆಯ ಎಳೆ ಹಳೆಯದೇ ಇರಬಹುದು. ಎರಡನೆಯದು, ಪ್ರತಿಯೊಂದು ಎಳೆಯಲ್ಲಿಯೂ ಹೆಚ್ಚು ಕಡಿಮೆಗಳುಂಟು. ಮೂರನೆಯದು, ಇದೇ ಪ್ರಧಾನವಾದುದು: ಎಲ್ಲ ಎಳೆಗಳನ್ನೂ ಕೂಡಿಸಿ ತೂಗಿ 'ಇವನು ಇಷ್ಟಾಣೆ ಹಿಂದೂ, ಇಷ್ಟಾಣೆ ಈಸ್ಟ್ ಇಂಡಿಯನ್' ಎಂದು ಹೇಳುವ ತಕ್ಕಡಿ ಯಾವುದೂ ಇಲ್ಲ, ಬೇಕಾಗಿಯೂ ಇಲ್ಲ. ಕೇಳಬೇಕಾದುದು, ಈಗ ಎದುರಿಗಿರುವ ವಿಷಯಕ್ಕೆ ಯಾವ ಎಳೆ ಸಂಬಂಧಪಟ್ಟದ್ದು ಎಂಬುದು. ಆಸ್ತಿಯ ಪ್ರಶ್ನೆಗೆ ಆಸ್ತಿಯ ನಡವಳಿಕೆಯನ್ನೇ ನೋಡಬೇಕು. ಅಜ್ಜನ ಕುಲವನ್ನಾಗಲಿ ಪೂಜೆಯ ಸ್ಥಳವನ್ನಾಗಲಿ ಅಲ್ಲ.

ನಮ್ಮ ಪ್ರಾಚೀನರಿಗೂ ಇದು ಅಪರಿಚಿತವಾಗಿರಲಿಲ್ಲ. 'ದ್ವ್ಯಾಮುಷ್ಯಾಯಣ' ಎಂಬ ಪುತ್ರನ ವಿಷಯವನ್ನು ಮಿತಾಕ್ಷರವೇ ಹೇಳುತ್ತದೆ. ಈತನು ಇಬ್ಬರು ತಂದೆಯರ ಮಗ; ಇಬ್ಬರಿಗೂ ಪಿಂಡವಿಡುವವನು, ಇಬ್ಬರಿಂದಲೂ ದಾಯವನ್ನು ಪಡೆಯುವವನು. 'ನಿಜವಾಗಿ ಇವನು ಯಾರ ಮಗ?' ಎಂದು ಹಠಹಿಡಿಯದೆ, ಈ ಕರ್ತವ್ಯ ಇವರಿಗೆ, ಆ ಕರ್ತವ್ಯ ಅವರಿಗೆ ಎಂದು ಹಂಚಿ ಶಾಸ್ತ್ರಕಾರರು ಸುಮ್ಮನಾದರು. ಹುಟ್ಟಿನ ಹಕ್ಕನ್ನು ಅಷ್ಟು ಬಲವಾಗಿ ಎತ್ತಿಹಿಡಿದ ಗ್ರಂಥದಲ್ಲಿಯೇ ಈ ಔದಾರ್ಯವೂ ಇದೆಯೆಂಬುದನ್ನು ಮರೆಯಬಾರದು.

ಆದರೆ ಪ್ರತಿಪಕ್ಷದವರ ಆಕ್ಷೇಪಣೆಯನ್ನು ಕೇಳದೆ ಮುಂದುವರಿಯುವುದು ನ್ಯಾಯವಲ್ಲ. ಗುರುತು ಹೀಗೆ ಸಡಿಲವಾದರೆ, ಲಾಭವಿದ್ದ ಕಡೆಗೆ ಕೋಟು ತೊಟ್ಟು, ಇನ್ನೊಂದು ಕಡೆಗೆ ರುಮಾಲು ಸುತ್ತುವ ಚತುರರಿಗೆ ಕೊನೆಯೆಲ್ಲಿ ಎಂದು ಅವರು ಕೇಳುವರು. ನಿನ್ನೆ ಸಾಲ ಪಡೆದವನು, ಇಂದು ನಾನು ಅವನಲ್ಲ, ಅವನಿಗೂ ನನಗೂ ಅರೆಪಾಲು ಮಾತ್ರ ಸಂಬಂಧ ಎಂದರೆ ಸಾಲಿಗನ ಗತಿಯೇನು? ಈ ಆಕ್ಷೇಪಣೆಯಲ್ಲಿ ತಿರುಳಿದೆ. ಇದಕ್ಕೆ ನಮ್ಮ ಉತ್ತರವಿದು: ಸಾಲವನ್ನು ಕಟ್ಟುವುದು ಕುಲವೂ ಅಲ್ಲ, ಉಡುಪೂ ಅಲ್ಲ, ಕೊಟ್ಟ ಮಾತು, ಅದನ್ನು ನಂಬಿ ಹಣ ಕೊಟ್ಟವನು, ಆ ಹಣದಿಂದ ನಡೆದ ಬಾಳು. ಆ ಎಳೆಯು ತುಂಡಾಗಿಲ್ಲದಿರುವಲ್ಲಿ ಬೇರೆ ಎಷ್ಟು ಎಳೆಗಳು ಬದಲಾದರೂ ಸಾಲಗಾರನು ಸಾಲಗಾರನೇ. ಹಾಗೆಯೇ ಫ್ರಾನ್ಸಿಸನು ಅಣ್ಣನ ಅಂಗಡಿಯಲ್ಲಿ ವರ್ಷಗಟ್ಟಲೆ ದುಡಿದುದು ಸುಳ್ಳಲ್ಲ. ಅದಕ್ಕೆ ಸಲ್ಲಬೇಕಾದುದೇನೆಂಬುದು ಗೌರವಿಸತಕ್ಕ ಪ್ರಶ್ನೆ; ಆದರೆ ಅದು ದುಡಿಮೆಯ ಪ್ರಶ್ನೆ, ಅಣ್ಣನ ರಕ್ತದ ಪ್ರಶ್ನೆಯಲ್ಲ. ಅದನ್ನು ದುಡಿಮೆಯ ಲೆಕ್ಕದಲ್ಲಿಯೇ ತೀರಿಸಬೇಕಾಗಿತ್ತೇ ಹೊರತು, ಸತ್ತ ಅಣ್ಣನಿಗೆ ಬದುಕಿದ್ದಾಗ ಇಲ್ಲದ ವೇಷವನ್ನು ತೊಡಿಸಿ ಅಲ್ಲ.

ಸರಕಾರಕ್ಕೆ ಇಂಥ ಸೂಕ್ಷ್ಮಗಳು ಬಹುದಿನ ರುಚಿಸುವುದಿಲ್ಲ. ಪ್ರತಿಯೊಬ್ಬನ ನಡವಳಿಕೆಯನ್ನೂ ಸಾಕ್ಷಿಗಳಿಂದ ತಿಳಿಯುತ್ತ ಕುಳಿತರೆ ಕೋರ್ಟುಗಳಿಗೆ ಬೇರೆ ಕೆಲಸವಿರದು. ತೀರ್ಪಿನಿಂದ ಎರಡೇ ವರ್ಷಗಳಿಗೆ, 1865ರಲ್ಲಿ, ಭಾರತೀಯ ಉತ್ತರಾಧಿಕಾರ ಶಾಸನವು ಬಂದಿತು. ಹಿಂದೂ, ಮುಸಲ್ಮಾನ, ಬೌದ್ಧರನ್ನು ಹೊರತುಪಡಿಸಿ ಉಳಿದವರಿಗೆಲ್ಲ ಅದು ಒಂದೇ ಕಟ್ಟಳೆಯಾಯಿತು. ದೇಶೀಯ ಕ್ರೈಸ್ತರೂ ಅದರೊಳಗೆ ಬಂದರು. ಆರಿಸಿಕೊಳ್ಳುವ ಬಾಗಿಲು ಮುಚ್ಚಿತು. ಮುಚ್ಚಿದ ಬಾಗಿಲಲ್ಲಿಯೂ ಒಂದು ಕಿಂಡಿ ಉಳಿಯಿತು: 1868ರಲ್ಲಿ ಕೊಡಗಿನ ದೇಶೀಯ ಕ್ರೈಸ್ತರಿಗೆ ಸರಕಾರವು ಆ ಶಾಸನದಿಂದ ವಿನಾಯಿತಿ ಕೊಟ್ಟಿತು. ಗೆರೆ ಎಳೆದವರೇ ಅದನ್ನು ಅಳಿಸಿ ದಾರಿ ಮಾಡಿಕೊಡಬೇಕಾಗಿ ಬಂದುದು ಗಮನಿಸತಕ್ಕ ಸಂಗತಿ.

ಒಬ್ಬ ಮನುಷ್ಯನಿಗೆ ಬಂದ ಈ ಪ್ರಶ್ನೆಯು ತೊಂಬತ್ತು ವರ್ಷಗಳ ಮೇಲೆ ಇಡೀ ಬಳ್ಳಾರಿಗೇ ಬಂದಿತು. 1953ರಲ್ಲಿ ಮದರಾಸು ಪ್ರಾಂತವನ್ನು ಒಡೆದು ಆಂಧ್ರ ರಾಜ್ಯವನ್ನು ಮಾಡುವಾಗ, ಬಳ್ಳಾರಿಯು ಕನ್ನಡದ್ದೋ ತೆಲುಗಿನದ್ದೋ ಎಂದು ಕೇಳಿದರು. ವಾಂಛೂ ಅವರ ವರದಿಯಾದ ಮೇಲೆ ಬಳ್ಳಾರಿ ತಾಲ್ಲೂಕಿಗಾಗಿಯೇ ನ್ಯಾಯಮೂರ್ತಿ ಮಿಶ್ರ ಅವರು ಬೇರೆಯಾಗಿ ವಿಚಾರಣೆ ನಡೆಸಬೇಕಾಯಿತು. 1953ನೆಯ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ಮೊದಲಾದವು ಮೈಸೂರಿಗೆ ಬಂದವು. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವು ಬಳ್ಳಾರಿ, ಹೊಸಪೇಟೆ, ಸಿರುಗುಪ್ಪಗಳನ್ನು ಆಂಧ್ರಕ್ಕೆ ಕೊಡಬೇಕೆಂದು ಶಿಫಾರಸು ಮಾಡಿತಾದರೂ ಅದು ನಡೆಯಲಿಲ್ಲ. ಬಳ್ಳಾರಿಯು ಮೈಸೂರಿನಲ್ಲಿಯೇ ಉಳಿದುದು ಕನ್ನಡಿಗರೆಲ್ಲರ ಭಾಗ್ಯವೆಂದೇ ನಾವು ಎಣಿಸುತ್ತೇವೆ. ಆದರೂ ಆ ಎಣಿಕೆಯ ಕಾಲದಲ್ಲಿ, ತಾಯಿಯೊಡನೆ ತೆಲುಗು, ಬೀದಿಯಲ್ಲಿ ಕನ್ನಡ ಮಾತಾಡುತ್ತ ಬೆಳೆದವರ ಪಾಡನ್ನು ನೆನೆಯಬೇಕು. ಮಾತೃಭಾಷೆಯ ಪಟ್ಟಿಯಲ್ಲಿ ಒಬ್ಬನಿಗೆ ಒಂದೇ ಮನೆ. ಆ ಮನೆಯಲ್ಲಿ ಒಂದೇ ಹೆಸರು. ತೆಲುಗು ರಂಗಭೂಮಿಯ ಮಹಾನಟರೆನಿಸಿದ ಬಳ್ಳಾರಿ ರಾಘವರು 1946ರಲ್ಲಿಯೇ ತೀರಿಹೋದುದರಿಂದ ಆ ಪ್ರಶ್ನೆಗೆ ಉತ್ತರ ಹೇಳುವ ಕಷ್ಟ ಅವರಿಗೆ ಬರಲಿಲ್ಲ. ಅವರು ಎರಡೂ ನಾಡುಗಳಿಗೆ ಸೇರಿದ್ದರು. ಆದರೆ ಅವರ ಹೆಸರಿನ ಮುಂದೆ ನಿಂತ ಊರು ಒಂದೇ.

ರಾಜ್ಯಕ್ಕೆ ಗಡಿ ಬೇಕು; ಗಡಿಯನ್ನು ಎಲ್ಲಿಯಾದರೂ ಎಳೆಯಲೇಬೇಕು. ಅದನ್ನು ನಾವು ಆಕ್ಷೇಪಿಸುವುದಿಲ್ಲ. ಅಪಾಯವಿರುವುದು ಬೇರೆ ಕಡೆ. ಒಂದು ಕೆಲಸದ ಅನುಕೂಲಕ್ಕೆಂದು ಎಳೆದ ಗೆರೆಯು ಮನುಷ್ಯನ ಒಳಗೂ ಹಾಗೆಯೇ ಇದೆಯೆಂದು ನಾವು ನಂಬತೊಡಗಿದಾಗ, ಗೆರೆಯ ಮೇಲೆ ನಿಂತವನು ಎರಡು ಕಡೆಯವರಿಗೂ ಅನುಮಾನಾಸ್ಪದನಾಗುತ್ತಾನೆ. 1953ರ ಆ ದಿನಗಳಲ್ಲಿ ಬಳ್ಳಾರಿಯು ಇದರ ಬೆಲೆಯನ್ನು ರಕ್ತದಲ್ಲಿ ತೆತ್ತಿತು. ಏಕೀಕರಣದ ಸಂಭ್ರಮಕ್ಕೆಂದು ಹಾಕಿದ್ದ ಚಪ್ಪರವನ್ನು ಕಾಯುತ್ತಿದ್ದ ರಂಜಾನ್ ಸಾಬರು ಆಮ್ಲದ ಬಲ್ಬಿನ ಏಟಿಗೆ ಗುರಿಯಾಗಿ ಪ್ರಾಣಬಿಟ್ಟರು. ಪಿಂಜಾರರ ಮನೆಯಲ್ಲಿ ಹುಟ್ಟಿದ ಮುಸಲ್ಮಾನರು ಅವರು. ಕನ್ನಡದ ಚಪ್ಪರವನ್ನು ಕಾಯಲು ನಿಂತಾಗ, ಅವರು ಎಷ್ಟು ಪಾಲು ಕನ್ನಡಿಗರೆಂದು ಅಳೆಯಲು ಯಾರಿಗೂ ತೋರಲಿಲ್ಲ. ಅಲ್ಲಿ ಅಳತೆಗೆ ಅವಕಾಶವೇ ಇರಲಿಲ್ಲ, ನಿಂತದ್ದೇ ಉತ್ತರವಾಗಿತ್ತು.

ಹಾಗಾದರೆ ಗುರುತಿನಲ್ಲಿ ತರತಮಗಳುಂಟೇ? ಉಂಟೆಂದೇ ನಮ್ಮ ಅಭಿಪ್ರಾಯ. ಅದು ಮುಖ್ಯವೇ? ಒಬ್ಬನನ್ನು ಒಟ್ಟಾಗಿ ತೂಗಿ ಅಂಕಿ ಹಾಕುವುದಕ್ಕಾದರೆ ಮುಖ್ಯವಲ್ಲ. ಅದರಿಂದ ಯಾರಿಗೂ ಒಳಿತಾಗಿಲ್ಲ. ಯಾರೂ ಪೂರ್ತಿ ಒಂದೇ ಅಲ್ಲವೆಂಬ ತಿಳಿವಳಿಕೆಯಾದರೋ ಮುಖ್ಯ. ಏಕೆಂದರೆ, ನ್ಯಾಯಾಧೀಶನು ಸರಿಯಾದ ಪ್ರಶ್ನೆಯನ್ನು ಕೇಳುವಂತೆ ಮಾಡಿದ್ದು ಅದೇ. ವಿಧವೆಯೊಬ್ಬಳಿಗೆ ಮನೆ ಉಳಿದದ್ದು ಆ ಪ್ರಶ್ನೆಯಿಂದ.

ಬಳ್ಳಾರಿ ತಾನೂ ಈಚೆಗೆ ಬದಲಾಗಿದೆ. 2014ರಲ್ಲಿ ಅದರ ಇಂಗ್ಲಿಷ್ ಹೆಸರು ತಿದ್ದಲ್ಪಟ್ಟು ನಾವು ಆಡುವಂತೆಯೇ ಆಯಿತು. 2021ರಲ್ಲಿ ಹೊಸಪೇಟೆಯ ಕಡೆಯ ತಾಲ್ಲೂಕುಗಳು ಬೇರೆಯಾಗಿ ವಿಜಯನಗರ ಜಿಲ್ಲೆಯಾದವು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, ಈಗ ವಿಜಯನಗರಕ್ಕೆ ಸೇರಿದೆ. ಮನ್ರೋ ಆಳಿದ ಸೀಮೆಯಲ್ಲಿ ಎಷ್ಟು ಪಾಲು ಈ ಜಿಲ್ಲೆಯಲ್ಲಿ ಉಳಿದಿದೆಯೆಂದು ನಕ್ಷೆಯ ಮೇಲೆ ಅಳೆಯಬಹುದು. ಬ್ರೂಸ್‌ಪೇಟೆಯಲ್ಲಿ ಅಂಗಡಿಯ ಬಾಗಿಲನ್ನು ತೆರೆಯುವವನು ಅದನ್ನು ಅಳೆಯಲು ಹೋಗುವುದಿಲ್ಲ. ಬಂದ ಗಿರಾಕಿಯು ಯಾವ ಭಾಷೆಯಲ್ಲಿ ಬೆಲೆ ಕೇಳಿದನೋ ಅದೇ ಭಾಷೆಯಲ್ಲಿ ಅವನು ಉತ್ತರ ಹೇಳುತ್ತಾನೆ.